ಏಳು ಮನೆಗೆ ಹಂಚಿದ ಯಕ್ಕಾ

ಆ ಭಾನುವಾರ ಬೆಳಿಗ್ಗೆ ನಾನು ಎಲ್ಲ ಜಾಗ್ರತೆಯನ್ನೂ ಮಾಡಿಕೊಂಡೇ ತೋಟಕ್ಕೆ ಇಳಿದಿದ್ದೆ. ಮೊಣಕೈವರೆಗೆ ಬರುವ ದಪ್ಪ ಗ್ಲೌಸು, ಕಣ್ಣಿಗೆ ಮರಗೆಲಸದವರು ಹಾಕಿಕೊಳ್ಳುವಂಥ ಪ್ಲಾಸ್ಟಿಕ್ ಕನ್ನಡಕ, ಗಂಡನ ಹಳೇ ತುಂಬುತೋಳಿನ ಶರ್ಟು, ಕಾಲಿಗೆ ಬೂಟು. ಯಕ್ಕಾ ಗಿಡದ ಬುಡಕ್ಕೆ ಕೈ ಹಾಕುವಾಗ ಹೀಗೆ ಸಜ್ಜಾಗಬೇಕು ಎಂದು ಬೇರೆಯವರಿಗೆ ಪಾಠ ಹೇಳುತ್ತಿದ್ದವಳೇ ನಾನು. ಕಿವಿಯ ವಿಷಯ ಮಾತ್ರ ನನ್ನ ತಲೆಗೆ ಯಾವತ್ತೂ ಹೊಳೆದಿರಲಿಲ್ಲ.

ನಮ್ಮ ಮನೆ ಕ್ಯಾಲಿಫೋರ್ನಿಯಾದ ಹೇವರ್ಡಿನಲ್ಲಿ, ಗುಡ್ಡ ಏರಲು ಶುರುವಾಗುವ ಕಡೆ ಇದೆ. ಮೇಲಿನ ಯೂನಿವರ್ಸಿಟಿಯ ಲೈಬ್ರರಿಯಲ್ಲಿ ನನ್ನ ಕೆಲಸ. ಗಂಡ ಇಂಜಿನಿಯರು, ಗೋದಾಮುಗಳಲ್ಲಿ ಪೆಟ್ಟಿಗೆ ಸಾಗಿಸುವ ಬೆಲ್ಟುಗಳು ಕೆಟ್ಟು ನಿಂತಾಗ ಅವರಿಗೆ ಫೋನು ಬರುತ್ತದೆ. ಮಗಳಿಗೆ ಹದಿನಾರು. ನಾವು ಈ ಮನೆಗೆ ಬಂದಾಗ ಮುಂದುಗಡೆ ಹುಲ್ಲುಹಾಸಿತ್ತು. ಮಳೆ ಕೈಕೊಟ್ಟ ವರ್ಷಗಳಲ್ಲಿ ತೋಟಕ್ಕೆ ನೀರು ಬಿಡಲು ಕಟ್ಟುಪಾಡು ಬಂದು, ಹುಲ್ಲು ಹಳೇ ಚಾಪೆಯ ಹಾಗೆ ಒಣಗಿಹೋಯಿತು. ನಮ್ಮ ಬೀದಿಯಲ್ಲಿ ಒಬ್ಬೊಬ್ಬರಾಗಿ ಹುಲ್ಲು ಕಿತ್ತು ಜಲ್ಲಿ ಸುರಿಸಿದರು. ನಾವೂ ಸುರಿಸಿದೆವು. ಬರೀ ಜಲ್ಲಿ ನೋಡಿದರೆ ಕಟ್ಟಡ ಕಟ್ಟುವುದನ್ನು ಅರ್ಧಕ್ಕೆ ಬಿಟ್ಟು ಹೋದ ಸೈಟಿನ ಹಾಗೆ ಕಾಣುತ್ತಿತ್ತು. ಏನಾದರೂ ಹಸಿರು ಬೇಕು, ಆದರೆ ಅದಕ್ಕೆ ನೀರು ಬೇಡವಾಗಿರಬೇಕು. ಹಾಗೆ ಲಾಸ್ ಗ್ಯಾಟೋಸ್ ಕಡೆಯ ಒಂದು ನರ್ಸರಿಗೆ ಹೋದಾಗ ಯಕ್ಕಾ ಸಿಕ್ಕಿತು.

ಅನಾನಸ್ ಗಿಡವನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ, ಒಂದು ಮೋಟು ಕಾಂಡದ ಮೇಲೆ ಕೂರಿಸಿದರೆ ಹೇಗಿರುತ್ತದೋ ಹಾಗಿತ್ತು. ಎಲ್ಲ ದಿಕ್ಕಿಗೂ ಚಾಚಿದ ನೆಟ್ಟನೆ ಎಲೆಗಳು, ಬೂದಿ ಬೆರೆತ ಹಸಿರು ಬಣ್ಣ. ಕುಂಡಕ್ಕೆ ಸಿಕ್ಕಿಸಿದ್ದ ಚೀಟಿಯಲ್ಲಿ ಅದಕ್ಕೆ 'ಸ್ಪ್ಯಾನಿಷ್ ಡ್ಯಾಗರ್' ಎಂಬ ಇನ್ನೊಂದು ಹೆಸರಿತ್ತು. ಗಂಡ ಓದಿ ನಕ್ಕರು.

"ಹೆಸರಲ್ಲೇ ಚೂರಿ ಇದೆಯಲ್ಲೇ."

"ಗುಲಾಬಿಗೂ ಮುಳ್ಳಿದೆ, ಬಿಡಿ" ಅಂದೆ.

ಅಲ್ಲಿಯವರೆಗೆ ನನ್ನ ಕೈಯಲ್ಲಿ ಯಾವ ಗಿಡವೂ ಉಳಿದಿರಲಿಲ್ಲ. ಕರಿಬೇವು ಮೂರು ಸಲ ಸತ್ತಿತ್ತು. ಮಲ್ಲಿಗೆ ಎರಡು ಚಳಿಗಾಲ ಕಂಡು ಹೋಯಿತು. ಇದೊಂದು ಬದುಕಿತು. ಬದುಕಿದ್ದಷ್ಟೇ ಅಲ್ಲ, ಮೂರನೇ ವರ್ಷ ಬೇಸಿಗೆಯಲ್ಲಿ ನಡುವಿನಿಂದ ಒಂದು ದಂಟು ಎದ್ದಿತು. ದಿನಕ್ಕೆ ಒಂದು ಗೇಣಿನಂತೆ ಬೆಳೆದು ನನ್ನ ತಲೆ ಮೀರಿ ಹೋಗಿ, ಕೆನೆಬಣ್ಣದ ನೂರಾರು ಗಂಟೆ ಹೂಗಳನ್ನು ಇಳಿಬಿಟ್ಟಿತು. ದಾರಿಯಲ್ಲಿ ಹೋಗುವವರು ಕಾರು ನಿಲ್ಲಿಸಿ ಫೋಟೋ ತೆಗೆದರು. ಒಂದು ತೊಟ್ಟು ನೀರು ಹಾಕದೆ ಇಂಥ ಹೂವು ಬಿಡುವ ಗಿಡ ಇದೆಯೆಂದರೆ ನನಗೆ ನಂಬಲು ಆಗುತ್ತಿರಲಿಲ್ಲ. ಇಲ್ಲಿನ ಕನ್ನಡದವರದೊಂದು ತೋಟದ ವಾಟ್ಸ್ಯಾಪ್ ಗುಂಪಿದೆ. ಅದರಲ್ಲಿ ದಿನಕ್ಕೊಂದು ಫೋಟೋ ಹಾಕಿದೆ. ಎಲ್ಲರೂ ಹೊಗಳಿದರು. ಆಮೇಲೆ ಬಾಳೆಗೆ ಕಂದು ಬರುವ ಹಾಗೆ ಯಕ್ಕಾದ ಬುಡದಲ್ಲೂ ಮರಿಗಳು ಬಂದವು. ಅವುಗಳನ್ನು ಬಿಡಿಸಿ, ಕುಂಡದಲ್ಲಿ ಬೇರು ಹಿಡಿಸಿ, ಒಬ್ಬೊಬ್ಬರ ಮನೆಗೂ ನಾನೇ ಕಾರಿನಲ್ಲಿ ಒಯ್ದು ನೆಟ್ಟು ಬಂದೆ. ಮೂರು ನಾಲ್ಕು ವರ್ಷದಲ್ಲಿ ಹೀಗೆ ಏಳು ಮನೆ ಆಯಿತು.

ಗುಂಪಿನಲ್ಲಿ ಯಾರೋ ಒಬ್ಬರು ಒಮ್ಮೆ ಕೇಳಿದ್ದರು, ಎಲೆಯ ತುದಿ ತುಂಬಾ ಚೂಪು, ಸ್ವಲ್ಪ ಕತ್ತರಿಸಬಹುದಾ ಎಂದು. ನಾನು ಉತ್ತರ ಬರೆದಿದ್ದೆ: "ದಯವಿಟ್ಟು ಹಾಗೆ ಮಾಡ್ಬೇಡಿ. ನಿಮ್ಮ ಬೆರಳ ತುದಿ ಕತ್ತರಿಸಿದ್ರೆ ನಿಮಗೆ ಹೇಗಾಗತ್ತೆ? ಗಿಡದ ಅಂದಾನೇ ಹೋಗತ್ತೆ." ಕೆಳಗೆ ಹತ್ತು ಹದಿನೈದು ಮಂದಿ ಹೆಬ್ಬೆರಳು ಎತ್ತಿ ತೋರಿಸಿದ್ದರು.

ಆ ಭಾನುವಾರ ನಾನು ಮಾಡುತ್ತಿದ್ದದ್ದು ಕೆಳಗಿನ ಒಣಗಿದ ಎಲೆಗಳನ್ನು ಎಳೆದು ತೆಗೆಯುವ ಕೆಲಸ. ಗಿಡ ಮತ್ತೆ ಹೂಬಿಟ್ಟಿತ್ತು, ಸಂಜೆ ಮಗಳ ಸ್ನೇಹಿತರು ಬರುವವರಿದ್ದರು, ಬುಡ ಚೊಕ್ಕಟವಾಗಿರಲಿ ಎಂದು. ಮಂಡಿಯೂರಿ ಕೂತು ನಾಲ್ಕಾರು ಎಲೆ ಎಳೆದು ಹಾಕಿದೆ. ಹಿಂದೆ ಎಲ್ಲೋ ಬಾಗಿಲು ಬಡಿದ ಸದ್ದಾಯಿತು. ಗಂಡ ಕರೆದರೇನೋ ಎಂದು ತಲೆಯನ್ನು ಬಲಕ್ಕೆ ಹೊರಳಿಸಿದೆ. ಅಷ್ಟೇ ನಾನು ಮಾಡಿದ್ದು.

ಎಡಗಿವಿಯೊಳಗೆ 'ಟಕ್' ಎಂದಿತು. ಪೆನ್ನಿನ ಮುಚ್ಚಳ ಹಾಕಿದಾಗ ಬರುವಂಥ ಸಣ್ಣ ಸದ್ದು. ಆಮೇಲೆ ನೋವು. ಅದು ಕಿವಿಯಲ್ಲಿ ಅಲ್ಲ, ತಲೆಯ ನಟ್ಟನಡುವೆ, ಒಂದೇ ಒಂದು ಕ್ಷಣ, ಬಿಳಿಯಾಗಿ. ನಾನು ಹಿಂದಕ್ಕೆ ಸರಿದುಕೊಂಡೆ. ಎಲೆಯ ತುದಿ ಕಿವಿಯಿಂದ ಹೊರಬಂದು ಮೊದಲಿನ ಹಾಗೆ ನೆಟ್ಟಗೆ ನಿಂತಿತು. ಅದರ ಮೇಲೆ ರಕ್ತ ಕೂಡ ಇರಲಿಲ್ಲ.

ಆಗ ನೆಲ ಅಲ್ಲಾಡಿತು.

ಬರೀ ಅಲ್ಲಾಡಿದ್ದಲ್ಲ, ಜಲ್ಲಿ, ಬೇಲಿ, ಮನೆ, ಗುಡ್ಡ ಎಲ್ಲ ಎಡದಿಂದ ಬಲಕ್ಕೆ ಒಂದೇ ಸಮನೆ ಓಡತೊಡಗಿದವು. ಈ ಊರಿನಲ್ಲಿ ಹದಿನೆಂಟು ವರ್ಷದಿಂದ ಇದ್ದೇವೆ. ನೆಲದಡಿಯ ಬಿರುಕು ನಮ್ಮ ಮನೆಯಿಂದ ಕೂಗಳತೆ ದೂರದಲ್ಲೇ ಹಾದುಹೋಗುತ್ತದೆ. ಯಾವತ್ತಾದರೂ ಆಗಲಿದೆ ಎಂದು ಎಲ್ಲರೂ ಹೇಳುವ ಆ ದೊಡ್ಡ ಭೂಕಂಪ ಬಂದೇಬಿಟ್ಟಿತು ಅಂದುಕೊಂಡೆ. ಎರಡೂ ಕೈಯಲ್ಲಿ ಬೇಲಿಯ ಕಂಬ ತಬ್ಬಿಕೊಂಡು ಕಿರುಚಿದೆ.

"ಭೂಕಂಪ! ರೀ, ಮಗೂನ ಕರ್ಕೊಂಡು ಹೊರಗೆ ಬನ್ನಿ! ಬೇಗ ಹೊರಗೆ ಬನ್ನಿ!"

ಇಬ್ಬರೂ ಓಡಿ ಬಂದರು. ಗಂಡನ ಕೈಯಲ್ಲಿ ಟೀ ಸೋಸುವ ಜಾಲರಿ ಹಾಗೇ ಇತ್ತು. ಅವರು ಹೊಸಿಲ ಬಳಿ ನಿಂತು ನನ್ನನ್ನು ನೋಡಿದರು, ಮನೆಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಯಾವ ಭೂಕಂಪಾನೇ? ಏನೂ ಅಲ್ಲಾಡ್ತಿಲ್ವಲ್ಲ."

"ಕಾಣಲ್ವಾ ನಿಮಗೆ? ಮನೆ ಬೀಳತ್ತೆ, ಆ ಕಡೆ ನಿಲ್ಬೇಡಿ!"

ಪಕ್ಕದ ಮನೆಯವರು ಹಕ್ಕಿಗಳಿಗೆಂದು ಇಟ್ಟಿದ್ದ ಕಲ್ಲಿನ ಬೋಗುಣಿ ನಮ್ಮ ಬೇಲಿಯ ಆಚೆಗೇ ಇತ್ತು. ಗಂಡ ಅದರತ್ತ ಕೈ ತೋರಿಸಿದರು. "ನೋಡು, ನೀರು ನೋಡು. ಹೇಗಿದೆಯೋ ಹಾಗೇ ಇದೆ." ಮಗಳು ಫೋನು ನೋಡುತ್ತ, "ನೋ ಅಲರ್ಟ್, ಅಮ್ಮಾ. ದೇರ್ ಈಸ್ ನೋ ಕ್ವೇಕ್" ಅಂದಳು. ಅವಳು ಹೆದರಿದ್ದು ಭೂಕಂಪಕ್ಕಲ್ಲ, ನನ್ನ ಕಣ್ಣುಗಳನ್ನು ನೋಡಿ. ಕಣ್ಣುಗುಡ್ಡೆಗಳು ಗಡಿಯಾರದ ಮುಳ್ಳಿನ ಹಾಗೆ ಟಿಕ್ ಟಿಕ್ ಎಂದು ಒಂದೇ ಕಡೆಗೆ ಜಿಗಿಯುತ್ತಿದ್ದವಂತೆ.

ನಾನು ಕಷ್ಟಪಟ್ಟು ಆ ಬೋಗುಣಿಯನ್ನು ದಿಟ್ಟಿಸಿದೆ. ಇಡೀ ಲೋಕದ ಜೊತೆ ಅದೂ ಓಡುತ್ತಿತ್ತು. ಆದರೆ ಅದರೊಳಗಿನ ನೀರಿನಲ್ಲಿ ಒಂದು ಸುಕ್ಕೂ ಇರಲಿಲ್ಲ. ಅಲ್ಲಾಡುತ್ತಿರುವುದು ನೆಲವಲ್ಲ, ನಾನು ಎಂದು ಗೊತ್ತಾದದ್ದು ಆಗಲೇ. ನನ್ನ ಜೀವಮಾನದಲ್ಲಿ ಅಷ್ಟು ದಿಗಿಲಾದದ್ದು ಇನ್ನೊಂದಿಲ್ಲ. ಭೂಕಂಪವಾದರೆ ನಿಂತುಹೋಗುತ್ತದೆ. ಇದು ನಿಲ್ಲಲಿಲ್ಲ. ಜಲ್ಲಿಯ ಮೇಲೆ ವಾಂತಿ ಮಾಡಿಕೊಂಡೆ. "ಕಿವಿಗೆ ಚುಚ್ಚಿತು, ಯಕ್ಕಾ ಚುಚ್ಚಿತು" ಎಂದು ಹೇಳಿದಾಗ ನನ್ನ ಮಾತು ನನಗೇ ಬಲಗಿವಿಯಿಂದ ಮಾತ್ರ ಕೇಳಿಸಿತು. ಎಡಗಡೆ ಯಾರೋ ಹತ್ತಿ ತುರುಕಿದಂತಿತ್ತು.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಮೊದಲು ನೋಡಿದ ನರ್ಸು ಹೊರಗೆ ಗಾಯವೇ ಇಲ್ಲವಲ್ಲ ಎಂದು ಅನುಮಾನದಿಂದ ಕೇಳಿದಳು. ಮಗಳು ಗಿಡದ ಫೋಟೋ ತೋರಿಸಿದಳು. ಅದು ನಾನು ಹೊಗಳಿಕೆಗೆಂದು ಗುಂಪಿಗೆ ಹಾಕಿದ್ದ ಫೋಟೋವೇ. ಕಿವಿ, ಮೂಗು, ಗಂಟಲಿನ ಡಾಕ್ಟರು ಬಂದರು. ಗಂಭೀರ ಮುಖದ, ನನ್ನ ವಯಸ್ಸಿನವರೇ ಇರಬೇಕಾದ ಹೆಂಗಸು. ಸಣ್ಣ ದೀಪ ಹಾಕಿ ಕಿವಿಯೊಳಗೆ ನೋಡಿದರು, ಫೋಟೋ ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು:

"ಎಲೆ ಕಿವಿಯ ತಮಟೆ ತೂತು ಮಾಡಿಕೊಂಡು ಒಳಗೆ ಹೋಗಿದೆ. ಒಳಗಿವಿಯಲ್ಲಿ ಒಂದು ದ್ರವ ಇರುತ್ತದೆ, ನಿಮ್ಮ ಸಮತೋಲ ಕಾಯುವುದು ಅದು. ಅದು ಸೋರುತ್ತಿರಬೇಕು. ನಾಳೆ ಬೆಳಿಗ್ಗೆಯೇ ಆಪರೇಷನ್ ಮಾಡೋಣ."

"ಎಲೆಯಿಂದ ಹೀಗಾಗುತ್ತದಾ?" ಎಂದು ಗಂಡ ಕೇಳಿದರು.

"ಈ ಗಿಡದಿಂದ ಆಗುತ್ತದೆ. ನಾನು ಮುಂಚೆಯೂ ನೋಡಿದ್ದೇನೆ."

ಮುಂಚೆಯೂ ನೋಡಿದ್ದೇನೆ. ಆ ಮಾತು ನನಗೆ ಎಲೆ ಚುಚ್ಚಿದ್ದಕ್ಕಿಂತ ಜೋರಾಗಿ ತಾಕಿತು. ಇದು ನನ್ನೊಬ್ಬಳ ಹಣೆಬರಹ ಅಲ್ಲ. ಆಗುವಂಥದ್ದು, ಡಾಕ್ಟರಿಗೆ ಗೊತ್ತಿರುವಂಥದ್ದು. ಬಗ್ಗಿದವರ ಕಿವಿ, ಕಣ್ಣು ಸರಿಯಾಗಿ ಎಲ್ಲಿ ಬರುತ್ತದೋ ಅಲ್ಲಿಯೇ ಆ ತುದಿಗಳು ನಿಂತಿರುತ್ತವೆ. ಕಣ್ಣನ್ನಾದರೆ ನಾವು ಅರಿವಿಲ್ಲದೆಯೇ ಮುಚ್ಚುತ್ತೇವೆ. ಕಿವಿಗೆ ರೆಪ್ಪೆ ಇಲ್ಲ. ಹಾಸಿಗೆಯ ಕಂಬಿ ಹಿಡಿದುಕೊಂಡು, ತಿರುಗುವ ಸೂರನ್ನು ನೋಡಲಾರದೆ ಕಣ್ಣು ಮುಚ್ಚಿಕೊಂಡು ಇದನ್ನೇ ಯೋಚಿಸುತ್ತ ಮಲಗಿದ್ದವಳಿಗೆ ಇದ್ದಕ್ಕಿದ್ದ ಹಾಗೆ ನೆನಪಾಯಿತು.

ಏಳು ಮನೆ. ಅದರಲ್ಲಿ ಒಂದು ಡೇಕೇರ್.

ಯೂನಿಯನ್ ಸಿಟಿಯಲ್ಲಿ ಉಡುಪಿ ಕಡೆಯ ಹೆಂಗಸೊಬ್ಬರು ತಮ್ಮ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ನನ್ನ ಮಗಳೂ ಮೂರು ವರ್ಷದವಳಿದ್ದಾಗ ಅವರ ಹತ್ತಿರವೇ ಇದ್ದಳು. ಎರಡು ವರ್ಷದ ಹಿಂದೆ ನಾನೇ ಒಂದು ಮರಿಯನ್ನು ಅವರಲ್ಲಿಗೆ ಒಯ್ದು, ನಾನೇ ಜಾಗ ಆರಿಸಿ, ಮಕ್ಕಳು ಒಳಗೆ ಬರುವ ದಾರಿಯ ಪಕ್ಕದಲ್ಲಿ ನೆಟ್ಟಿದ್ದೆ. "ಬರುವಾಗ ಹೋಗುವಾಗ ಮಕ್ಕಳಿಗೆ ಕಾಣ್ಲಿ" ಎಂದು ಬೇರೆ ಹೇಳಿದ್ದೆ. ನನಗೆ ಸೊಂಟದೆತ್ತರ ಬರುವ ಎಲೆ ಮೂರು ವರ್ಷದ ಮಗುವಿಗೆ ಎಲ್ಲಿಗೆ ಬರುತ್ತದೆ?

"ಫೋನು ಕೊಡಿ" ಅಂದೆ.

"ಈಗ ಯಾರಿಗೆ ಫೋನು? ಸುಮ್ನೆ ಮಲಗು" ಎಂದರು ಗಂಡ.

ಹೇಳಿದೆ. ಅವರ ಮುಖವೂ ಬದಲಾಯಿತು. ಅವರೇ ಫೋನು ಮಾಡಿದರು. ಭಾನುವಾರ, ಯಾರೂ ಎತ್ತಲಿಲ್ಲ. ನಾನು ಹೇಳಿದ್ದನ್ನು ಮಗಳು ಬರೆದು ಕಳಿಸಿದಳು: ನಾನು ಕೊಟ್ಟ ಗಿಡದ ಹತ್ತಿರ ನಾಳೆ ಮಕ್ಕಳನ್ನು ಬಿಡಬೇಡಿ, ಅದನ್ನು ಕಿತ್ತುಹಾಕಿ, ನನ್ನ ಕಿವಿಗೆ ಚುಚ್ಚಿ ಆಪರೇಷನ್ ಆಗುತ್ತಿದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಆ ರಾತ್ರಿ ನಾನು ನನ್ನ ಕಿವಿಗೆಂದು ಅತ್ತದ್ದು ಕಡಿಮೆ.

ಆಪರೇಷನ್ ಆಯಿತು. ಕಿವಿಯ ಹಿಂದಿನಿಂದ ಚೂರು ಚರ್ಮದಂಥದ್ದನ್ನು ತೆಗೆದು ಒಳಗಿನ ಬಿರುಕಿಗೆ ತೇಪೆ ಹಾಕಿದರಂತೆ. ಮನೆಗೆ ಕಳಿಸುವಾಗ ದೊಡ್ಡ ಪಟ್ಟಿಯನ್ನೇ ಕೊಟ್ಟರು: ಮೂರು ದಿಂಬಿಟ್ಟು ಮಲಗಬೇಕು, ಬಗ್ಗಬಾರದು, ಭಾರ ಎತ್ತಬಾರದು, ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಎಡಗಿವಿ ಎಷ್ಟು ಕೇಳಿಸುತ್ತದೆ ಎನ್ನುವುದನ್ನು ಎರಡು ತಿಂಗಳ ಮೇಲೆ ನೋಡೋಣ ಅಂದರು. ಆ ಕಿವಿಯಲ್ಲಿ ಹಳೇ ಫ್ರಿಜ್ಜಿನ ಗುಂಯ್ ಸದ್ದು ಶುರುವಾಗಿತ್ತು.

ಮರುದಿನ ಮಧ್ಯಾಹ್ನ ಉಡುಪಿಯ ಆಕೆ ನಮ್ಮ ಮನೆಗೇ ಬಂದರು. ಮಕ್ಕಳನ್ನು ತಂಗಿಯ ಸುಪರ್ದಿಗೆ ಬಿಟ್ಟು, ಒಂದು ಸ್ಟೀಲ್ ಡಬ್ಬಿಯಲ್ಲಿ ಗಂಜಿ, ಇನ್ನೊಂದರಲ್ಲಿ ಹೆಸರುಕಾಳಿನ ಪಲ್ಯ ಹಿಡಿದು. ನನ್ನ ಮಂಚದ ಪಕ್ಕ ಕುರ್ಚಿ ಎಳೆದು ಕೂತರು. ನಾನು ಅವರ ಕೈ ಹಿಡಿದುಕೊಂಡು ಕೇಳಿದ್ದು ಒಂದೇ:

"ಗಿಡ ತೆಗೆಸಿದ್ರಾ?"

"ಇಲ್ಲ."

"ಅಯ್ಯೋ, ನನ್ನ ಮೆಸೇಜು ನೋಡ್ಲಿಲ್ವಾ? ಮಕ್ಕಳು ಓಡಾಡೋ ಜಾಗ ಅದು!"

"ನೋಡಿದೆ ಮಾರಾಯ್ರೆ. ನಿಮ್ಮ ಕಿವಿಯ ಸುದ್ದಿ ಕೇಳಿ ನನಗೆ ಕೈಕಾಲೇ ಆಡ್ಲಿಲ್ಲ, ಅದಕ್ಕೇ ಉತ್ತರ ಬರೀಲಿಲ್ಲ. ಗಿಡದ ಬಗ್ಗೆ ನೀವು ಹೆದರ್ಬೇಡಿ." ಅವರು ತಲೆ ತಗ್ಗಿಸಿ ಸೆರಗಿನ ಅಂಚು ಸುರುಳಿ ಮಾಡುತ್ತ ಹೇಳಿದರು. "ನಾನದರ ತುದಿ ಎಲ್ಲ ಕತ್ತರಿಸಿ ಹಾಕಿದ್ದೇನೆ."

"ಯಾವಾಗ? ನಿನ್ನೇನಾ?"

"ನೀವು ನೆಟ್ಟು ಹೋದ ದಿವಸವೇ. ನಿಮ್ಮ ಕಾರು ತಿರುಗಿತಲ್ಲ, ನಾನು ಒಳಗೆ ಹೋಗಿ ಮಕ್ಕಳ ನೇಲ್ ಕಟ್ಟರ್ ತಂದು, ಒಂದೊಂದು ಎಲೆಯ ತುದಿಯೂ ತೆಗೆದೆ. ಹೊಸ ಎಲೆ ಬಂದ ಹಾಗೆ ತೆಗೀತಾ ಇರ್ತೇನೆ."

ಫೋನಿನಲ್ಲಿ ಫೋಟೋ ತೋರಿಸಿದರು. ಗಿಡ ಚೆನ್ನಾಗಿಯೇ ಬೆಳೆದಿತ್ತು. ಪ್ರತಿ ಎಲೆಯ ತುದಿಯೂ ಮೊಂಡಾಗಿ, ಉಗುರು ಕತ್ತರಿಸಿದ ಬೆರಳುಗಳ ಹಾಗಿತ್ತು. ಮಕ್ಕಳು ಸುರಕ್ಷಿತ. ನನಗೆ ಉಸಿರು ಬಂತು. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು.

"ಎರಡು ವರ್ಷದಿಂದ ಗೊತ್ತಿತ್ತಾ ನಿಮಗೆ? ಅಪಾಯ ಅಂತ?"

"ಮಕ್ಕಳ ಜೊತೆ ಇರುವವಳಿಗೆ ಚೂಪು ಕಂಡ ಕೂಡ್ಲೇ ಗೊತ್ತಾಗ್ತದೆ."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳುದು? ನೀವು ಅಷ್ಟು ಪ್ರೀತಿಯಲ್ಲಿ ತಂದು ಕೊಟ್ಟದ್ದು. ಗ್ರೂಪಿನಲ್ಲಿ ಬೇರೆ ಬೆರಳು ಕತ್ತರಿಸಿದ ಹಾಗೆ ಅಂತ ಬರೆದಿದ್ರಿ. ಹೇಳಿದ್ರೆ ನಿಮಗೆ ಬೇಜಾರಾಗ್ತದೆ ಅಂತ ಬಾಯಿ ಬರ್ಲಿಲ್ಲ. ನೀವು ಬರ್ತೇನೆ ಅಂದ ದಿವಸ ನಾನು ಅದರ ಎದುರು ಸ್ಟ್ರೋಲರ್ ತಂದು ನಿಲ್ಲಿಸ್ತಿದ್ದೆ, ನಿಮಗೆ ಕಾಣದ ಹಾಗೆ." ಅವರು ಅಳತೊಡಗಿದರು. "ಒಂದು ಮಾತು ಹೇಳಿದ್ರೆ ನಿಮಗೆ ಹೀಗೆ ಆಗ್ತಿರ್ಲಿಲ್ವೋ ಏನೋ."

ಪಕ್ಕದಲ್ಲಿದ್ದ ಟಿಶ್ಯೂ ಡಬ್ಬಿಯನ್ನು ಅವರ ಕಡೆಗೆ ಸರಿಸಿದೆ. ಸಿಟ್ಟು ಬಂದಿತ್ತೇ? ಬಂದಿತ್ತು, ಆದರೆ ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಗಂಜಿ ಕುಡಿದೆ. ಅವರು ಡಬ್ಬಿ ತೊಳೆದಿಟ್ಟು ಹೋದರು.

ಉಳಿದವರಿಗೆ ಫೋನು ಮಾಡತೊಡಗಿದೆ. ಬಲಗಿವಿಗೆ ಫೋನು ಹಿಡಿದರೆ ಕೋಣೆಯ ಬೇರೆ ಸದ್ದೆಲ್ಲ ಆರಿಹೋಗುತ್ತಿತ್ತು. ಹೇವರ್ಡಿನಲ್ಲೇ ಇರುವ, ವಿಜಯಪುರ ಕಡೆಯ ಮುಸ್ಲಿಂ ಹಿರಿಯರೊಬ್ಬರು ನಮಗೆ ಬಹಳ ವರ್ಷದಿಂದ ಬಳಕೆ. ಅವರ ಹಿತ್ತಲಿಗೂ ಒಂದು ಕೊಟ್ಟಿದ್ದೆ. ಅವರಿಗೆ ನಡೆದದ್ದನ್ನೆಲ್ಲ ಹೇಳಿದೆ.

"ಹಲೋ? ಅಂಕಲ್? ಕೇಳಿಸ್ತಿದೆಯಾ?"

"ಕೇಳಾಕತ್ತೈತಿ ಬೇಟಿ. ಏನ್ ಹೇಳಲಿ ನಿನಗ. ಹೋದ ವರ್ಷ ನನಗೂ ರೆಪ್ಪಿ ಮ್ಯಾಲ ಚುಚ್ಚಿತ್ತದು. ನಾಕ್ ದಿನ ಕಣ್ಣು ಬಾತಿತ್ತು. ಒಂದು ಎಳಿ ಆಚೀಚಿ ಆಗಿದ್ರ ಕಣ್ಣೇ ಹೋಗತಿತ್ತು."

"ನಾನು ರಂಜಾನಿಗೆ ನಿಮ್ಮನೆಗೆ ಬಂದಿದ್ನಲ್ಲ ಅಂಕಲ್! ಕಣ್ಣಿಗೆ ಏನಾಯ್ತು ಅಂದ್ರೆ ಸೊಳ್ಳೆ ಕಚ್ತು ಅಂದ್ರಿ!"

"ಮತ್ತೇನ್ ಅನ್ನಬೇಕಿತ್ತವಾ? ನೀ ಕೊಟ್ಟ ಗಿಡ ಚುಚ್ಚೈತಿ ಅಂತ ಹಬ್ಬದ ದಿನ ನಿನ್ನ ಮುಂದ ಹೇಳೂದೇನು? ಮೂಲ್ಯಾಗ ಸರಿಸಿ ಇಟ್ಟೀನಿ, ಅಷ್ಟ."

ಫೋನು ಇಟ್ಟು ಗೋಡೆ ನೋಡುತ್ತ ಮಲಗಿದೆ. ಮುಂದಿನ ಮೂರು ಮನೆಗಳಲ್ಲೂ ಹೆಚ್ಚು ಕಡಿಮೆ ಇದೇ. ಸರಟೋಗಾದ ಗೆಳತಿಯ ತೋಟದ ಕೆಲಸದವನ ಅಂಗೈಗೆ ಚುಚ್ಚಿ ಸೆಪ್ಟಿಕ್ ಆಗಿತ್ತಂತೆ. ಇನ್ನೊಬ್ಬರು ಗಿಡವನ್ನು ಎಂದೋ ಬೇರೆಯವರಿಗೆ ದಾಟಿಸಿ, ನಾನು ಕೇಳಿದಾಗಲೆಲ್ಲ "ಚೆನ್ನಾಗಿದೆ, ಚೆನ್ನಾಗಿದೆ" ಎಂದಿದ್ದರು. ಆರನೆಯವರ ಮನೆಯಲ್ಲಿ ಮಾತ್ರ ಯಾರಿಗೂ ಏನೂ ಆಗಿರಲಿಲ್ಲ. ಆಕೆ ನನ್ನ ಮಾತು ಕೇಳಿ ಫೋನಿನಲ್ಲೇ ಗಂಡನನ್ನು ಕೂಗಿ ಗುದ್ದಲಿ ತರಲು ಹೇಳಿದಳು.

ಸಂಜೆ ಮಗಳು ಜ್ಯೂಸು ತಂದಿಟ್ಟಳು. ಅವಳನ್ನು ಕೇಳಿದೆ, "ನಿನಗೂ ಚುಚ್ಚಿದೆಯಾ?"

"ಲೈಕ್, ಟೆನ್ ಟೈಮ್ಸ್" ಅಂದಳು ಸಹಜವಾಗಿ. ಪ್ಯಾಂಟು ಮೇಲೆತ್ತಿ ಮೀನಖಂಡದ ಮೇಲಿನ ಸಣ್ಣ ಕಪ್ಪು ಚುಕ್ಕೆಗಳನ್ನು ತೋರಿಸಿದಳು. ಕಸದ ಡಬ್ಬಿ ಬೀದಿಗೆ ಒಯ್ಯುವಾಗ ಆದದ್ದು.

"ಒಂದು ಸಲಾನೂ ಹೇಳ್ಲಿಲ್ವಲ್ಲೇ!"

"ಹೇಳಿದ್ದೆ. ಯು ಸೆಡ್, ನೋಡ್ಕೊಂಡು ನಡಿ." ಸ್ವಲ್ಪ ತಡೆದು, "ಆಮೇಲೆ ಹೇಳ್ಲಿಲ್ಲ" ಅಂದಳು.

ಅವಳು ಸುಳ್ಳು ಹೇಳುವ ಹುಡುಗಿಯಲ್ಲ. ನಾನು ಹಾಗೆ ಅಂದದ್ದು ನನಗೆ ನೆನಪೇ ಇರಲಿಲ್ಲ. ನಾನು ಒಳ್ಳೆಯವಳು, ಎಲ್ಲರಿಗೂ ಬೇಕಾದವಳು, ಕೈಯೆತ್ತಿ ಕೊಡುವವಳು ಎಂದು ನನ್ನ ಬಗ್ಗೆ ನನಗೊಂದು ತಿಳುವಳಿಕೆ ಇತ್ತು. ಇಷ್ಟು ಮಂದಿ ಒಂದು ಗಿಡದ ವಿಷಯದಲ್ಲಿ ನನಗೆ ಹೆದರಿಕೊಂಡಿದ್ದರು ಎನ್ನುವುದನ್ನು ಮೂರು ದಿಂಬಿನ ಮೇಲೆ ಒರಗಿ, ತಲೆ ಅಲ್ಲಾಡಿಸದೆ ನುಂಗಿಕೊಳ್ಳಬೇಕಾಯಿತು. ತಲೆಸುತ್ತಿಗೆ ಮಾತ್ರೆ ಕೊಟ್ಟಿದ್ದರು, ಇದಕ್ಕೆ ಕೊಟ್ಟಿರಲಿಲ್ಲ. ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲವನ್ನೂ ಬರೆದೆ: ಕಿವಿಗೆ ಆದದ್ದನ್ನು, ತುದಿ ಕತ್ತರಿಸಬೇಡಿ ಎಂದು ನಾನೇ ಬರೆದದ್ದು ತಪ್ಪು ಎಂಬುದನ್ನು. ಬಹಳ ಮಂದಿ ಬೇಗ ಗುಣವಾಗಲಿ ಎಂದು ಕೈಮುಗಿದ ಚಿತ್ರ ಕಳಿಸಿದರು. ತುದಿಯ ವಿಷಯಕ್ಕೆ ಯಾರೂ ಏನೂ ಅನ್ನಲಿಲ್ಲ.

ನಮ್ಮ ಗಿಡವನ್ನು ಗಂಡ ಮುಂದಿನ ಶನಿವಾರ ಕಡಿದರು. ಮೇಲಿಂದ ಒಂದೊಂದೇ ಎಲೆ ಬಿಡಿಸಿಕೊಂಡು ಬಂದು, ಕೊನೆಗೆ ಕಾಂಡಕ್ಕೆ ಗರಗಸ ಹಾಕಿದರು. ದಂಟಿನ ತುಂಬ ಇನ್ನೂ ಹೂವಿತ್ತು. ನಾನು ಕಿಟಕಿಯಿಂದ ನೋಡಿದೆ. ತಿಂಗಳೊಳಗೆ ನೆಲದಲ್ಲಿ ಉಳಿದಿದ್ದ ಬೇರಿನ ಚೂರುಗಳಿಂದ ಎರಡು ಕಡೆ ಮತ್ತೆ ಚಿಗುರು ಬಂತು. ಮತ್ತೆ ಅಗೆದರು. ಮತ್ತೆ ಬಂತು. ಈಗಲೂ ಬರುತ್ತಲೇ ಇದೆ. ಎಳೆಯದಾಗಿರುವಾಗಲೇ ಅಗೆದು ಹಾಕುತ್ತೇವೆ.

ಎರಡು ತಿಂಗಳಾದ ಮೇಲೆ ಕಿವಿಯ ಪರೀಕ್ಷೆ ಮಾಡಿದರು. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರು. ಬಲಗಿವಿಗೆ ಸದ್ದು ಬರುವಾಗ ಒತ್ತಿದೆ, ಒತ್ತಿದೆ. ಎಡಕ್ಕೆ ಬಂದಾಗ ಸುಮ್ಮನೆ ಕೂತಿದ್ದೆ. ಯಂತ್ರ ನಿಂತಿದೆಯೇನೋ ಎಂದು ಗಾಜಿನಾಚೆ ನೋಡಿದರೆ, ಪರೀಕ್ಷೆ ಮಾಡುವ ಹುಡುಗಿ ಕೆಲಸ ಮಾಡುತ್ತಲೇ ಇದ್ದಳು. ಸದ್ದುಗಳು ಬರುತ್ತಲೇ ಇದ್ದವು. ನನಗೆ ಮಾತ್ರ ಬರುತ್ತಿರಲಿಲ್ಲ. ಡಾಕ್ಟರು ಗೆರೆಗಳ ಚಿತ್ರ ತೋರಿಸಿ, ತಲೆಸುತ್ತು ನಿಂತದ್ದು ದೊಡ್ಡ ಅದೃಷ್ಟ, ಕೇಳುವುದು ಇನ್ನು ಮರಳಿ ಬರುವ ಹಾಗಿಲ್ಲ ಅಂದರು. ದಪ್ಪ ಸದ್ದು ಅಷ್ಟಿಷ್ಟು ತಿಳಿಯುತ್ತದೆ. ಮಾತು ತಿಳಿಯುವುದಿಲ್ಲ.

ಏಳನೆಯ ಮನೆಯೊಂದು ಬಾಕಿ ಇತ್ತು. ಸ್ಯಾನ್ ಲಿಯಾಂಡ್ರೊದಲ್ಲಿದ್ದ ಆ ಕುಟುಂಬ ಮನೆ ಮಾರಿ ಟೆಕ್ಸಸ್‌ಗೆ ಹೋಗಿತ್ತು. ಫೋನಿನಲ್ಲಿ ಸಿಕ್ಕಿದಾಗ, "ಗಿಡ ಅಲ್ಲೇ ಬಿಟ್ಟು ಬಂದ್ವಿ, ಈಗ ಯಾರಿದ್ದಾರೋ ಗೊತ್ತಿಲ್ಲ" ಅಂದರು. ಕಾರು ಓಡಿಸಲು ಡಾಕ್ಟರು ಒಪ್ಪಿದ ವಾರವೇ ನಾನೊಬ್ಬಳೇ ಅಲ್ಲಿಗೆ ಹೋದೆ. ಬೀದಿಗೆ ತಿರುಗುವಾಗಲೇ ಗಿಡ ಕಾಣಿಸಿತು. ಬ್ರೇಕು ಹಾಕಿಬಿಟ್ಟೆ.

ನಮ್ಮದಕ್ಕಿಂತ ಎತ್ತರ ಬೆಳೆದಿತ್ತು. ನಾನು ನೆಟ್ಟಾಗ ಅದರ ಪಕ್ಕ ಏನೂ ಇರಲಿಲ್ಲ. ಈಗ ಹೊಸಬರು ಅಲ್ಲೇ ಟಪಾಲು ಡಬ್ಬಿಯ ಕಂಬ ನಿಲ್ಲಿಸಿದ್ದರು. ಡಬ್ಬಿಯ ಬಾಗಿಲು ತೆಗೆಯಲು ಬಗ್ಗುವವರ ತಲೆ ಎಲ್ಲಿಗೆ ಬರುತ್ತದೋ ಅಲ್ಲಿ ಐದಾರು ಎಲೆಗಳು ಸೆಟೆದು ನಿಂತಿದ್ದವು. ದಿನವೂ ಯಾರಾದರೊಬ್ಬರು ಅಲ್ಲಿ ಬಗ್ಗುತ್ತಾರೆ. ಕಾರನ್ನು ಬದಿಗೆ ನಿಲ್ಲಿಸಿ ಇಳಿದೆ.

ಬಾಗಿಲು ತಟ್ಟಿದೆ. ಅರವತ್ತು ದಾಟಿದ ಬಿಳಿ ಕೂದಲಿನ ಅಮೆರಿಕನ್ ಹೆಂಗಸು ತೆರೆದರು. ನಾನು ಕಾರಿನಲ್ಲಿ ನಾಲ್ಕು ಸಲ ಒಪ್ಪಿಸಿಕೊಂಡಿದ್ದ ಇಂಗ್ಲಿಷು ಒಂದೂ ನೆನಪಿಗೆ ಬರಲಿಲ್ಲ. "ಆ ಗಿಡ ನಾನು ನೆಟ್ಟದ್ದು. ಅದು ನನ್ನ ಒಂದು ಕಿವಿ ತೆಗೆದುಬಿಟ್ಟಿತು" ಎಂದೆ.

ಅವರು ಬಾಗಿಲನ್ನು ಸ್ವಲ್ಪ ಮುಂದೆ ಮಾಡಿಕೊಂಡರು. ಹುಚ್ಚಿ ಅಂದುಕೊಂಡರು, ತಪ್ಪೇನಿಲ್ಲ. ಕೂದಲು ಸರಿಸಿ ಕಿವಿಯ ಹಿಂದಿನ ಗಾಯದ ಗೆರೆ ತೋರಿಸಿದೆ. ಅವರು ಅದನ್ನು ನೋಡಿದರು. ನಿಧಾನವಾಗಿ ಅವರ ಕೈ ತಾನಾಗಿಯೇ ತಮ್ಮ ಕಿವಿಯನ್ನು ಮುಚ್ಚಿಕೊಂಡಿತು.

"ದೇವರೇ" ಅಂದರು. "ನಾನು ದಿನಾ ಬೆಳಿಗ್ಗೆ ಅಲ್ಲಿ ಬಗ್ಗುತ್ತೇನೆ."

ಕಿತ್ತುಹಾಕಲು ಅವರಿಗೆ ಮನಸ್ಸಿರಲಿಲ್ಲ. ಮನೆ ನೋಡಲು ಬಂದ ದಿನ ಅದು ಹೂಬಿಟ್ಟಿತ್ತಂತೆ, ಅದನ್ನು ನೋಡಿಯೇ ಒಳಗೆ ಕಾಲಿಟ್ಟರಂತೆ. ತುದಿ ಕತ್ತರಿಸೋಣ, ಟಪಾಲು ಡಬ್ಬಿ ಆ ಕಡೆಗೆ ಸರಿಸಿ ಎಂದೆ. ಒಪ್ಪಿದರು. ನನ್ನ ಕಾರಿನಲ್ಲಿದ್ದ ತೋಟದ ಕತ್ತರಿ ತಂದೆ. ಕನ್ನಡಕ ಹಾಕಿಕೊಂಡೆ, ಎರಡೂ ಕಿವಿ ಮುಚ್ಚುವ ಹಾಗೆ ಉಣ್ಣೆಯ ಟೋಪಿ ಎಳೆದುಕೊಂಡೆ. ಅವರಿಗೂ ತಲೆಗೊಂದು ದಪ್ಪ ಟವೆಲ್ ಸುತ್ತಿಕೊಳ್ಳಲು ಹೇಳಿದೆ. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ನಮ್ಮಿಬ್ಬರನ್ನೂ ನಿಂತು ನೋಡಿದರು.

ಗಿಡದಿಂದ ಎರಡು ಮೊಳ ದೂರ ಮಂಡಿಯೂರಿ, ಕೈ ಚಾಚಿ, ಒಂದೊಂದೇ ತುದಿ ಕತ್ತರಿಸಿದೆ. ಅವರು ಪೊರಕೆಯ ಹಿಡಿಯಿಂದ ಎಲೆಗಳನ್ನು ನನ್ನ ಕಡೆಗೆ ಬಗ್ಗಿಸಿ ಹಿಡಿದರು. ಜಲ್ಲಿಯ ಮೇಲೆ ಕಂದು ಬಣ್ಣದ ಸೂಜಿಗಳು ಒಂದು ಹಿಡಿಯಷ್ಟಾದವು.

ನಡುವೆ ಒಮ್ಮೆ ತಲೆಯೆತ್ತಿ ನೋಡಿದರೆ ಆಕೆ ನನ್ನನ್ನೇ ನೋಡುತ್ತ ಉತ್ತರಕ್ಕೆ ಕಾಯುತ್ತಿದ್ದರು. ಎಷ್ಟು ಹೊತ್ತಿನಿಂದ ಏನು ಕೇಳುತ್ತಿದ್ದರೋ. ಅವರು ನನ್ನ ಎಡಗಡೆಗಿದ್ದರು. ಕತ್ತರಿ ಕೆಳಗಿಟ್ಟು ಎದ್ದೆ, ಗಿಡವನ್ನು ದೂರದಿಂದಲೇ ಬಳಸಿಕೊಂಡು ಹೋಗಿ ಅವರ ಇನ್ನೊಂದು ಪಕ್ಕಕ್ಕೆ ನಿಂತೆ.

"ಈಗ ಹೇಳಿ" ಅಂದೆ. "ಏನು ಕೇಳಿದಿರಿ?"